ಹತ್ತಿ ಹೂವು, ಹುತ್ತದ ಅಣಬೆ

ರಾಯಚೂರು ದೋಆಬಿನ ಕೃಷಿ ಚರಿತ್ರೆಯನ್ನು ಅಭ್ಯಾಸ ಮಾಡುತ್ತಿರುವ ನನಗೆ ಹಳೆಯ ಕಾಗದಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವುದು ಹತ್ತಿ. 1853ರ ಒಪ್ಪಂದದಲ್ಲಿ ನಿಜಾಮರು ಬೇರಾರಿನ ಜೊತೆಗೆ ದೋಆಬನ್ನೂ ಇಂಗ್ಲಿಷರ ಆಡಳಿತಕ್ಕೆ ಬಿಟ್ಟುಕೊಟ್ಟರು. ಎರಡೂ ಹತ್ತಿ ಬೆಳೆಯುವ ಸೀಮೆಗಳೇ. 1860ರಲ್ಲಿ ದೋಆಬು ಮರಳಿ ಬಂತು, ಬೇರಾರು ಬರಲಿಲ್ಲ. ಹತ್ತಿಗೆ ಹೊಲವಿದೆ, ಬೀಜವಿದೆ, ತೂಕವಿದೆ, ಕಂದಾಯವಿದೆ. ಹಾಗಾಗಿ ಅದಕ್ಕೆ ದಾಖಲೆಯೂ ಇದೆ.

ಅದೇ ಹೊಲದ ಬದುವಿನ ಹುತ್ತದ ಮೇಲೆ ಮಳೆ ಬಿದ್ದಾಗ ಏಳುವ ಅಣಬೆಗೆ ಇದಾವುದೂ ಇಲ್ಲ. ಬಿತ್ತಿದವರಿಲ್ಲ, ಆದ್ದರಿಂದ ತೆರಿಗೆಯಿಲ್ಲ; ತೆರಿಗೆಯಿಲ್ಲವಾಗಿ ನಾನು ನೋಡಿದ ಕಂದಾಯದ ಕಡತಗಳಲ್ಲಿ ಅದರ ಹೆಸರೂ ಇಲ್ಲ.

ಲಿನೇಯಸ್ 1753ರ ತನ್ನ ಗ್ರಂಥದಲ್ಲಿ ಹತ್ತಿಯನ್ನೂ ಅಣಬೆಗಳನ್ನೂ ಸಸ್ಯಗಳೆಂದೇ ಸೇರಿಸಿದ್ದ. ಹೂವು ಕಾಣದ ಅಣಬೆಗೆ ಸಿಕ್ಕಿದ್ದು 24ನೆಯ, ಕಟ್ಟಕಡೆಯ ವರ್ಗ. 1969ರಲ್ಲಿ ವಿಟೇಕರ್ ಮಂಡಿಸಿದ ಐದು ಸಾಮ್ರಾಜ್ಯಗಳ ವಿಂಗಡಣೆಯಲ್ಲಿ ಶಿಲೀಂಧ್ರಗಳು ಬೇರೆಯಾದವು. ಹತ್ತಿ ಬಿಸಿಲಿನಿಂದ ಅನ್ನ ಮಾಡಿಕೊಳ್ಳುತ್ತದೆ. ಅದರ ಎಳೆ ಬಹುಪಾಲು ಸೆಲ್ಯುಲೋಸ್. ಅಣಬೆಗೆ ಆ ಶಕ್ತಿಯಿಲ್ಲ; ಅದರ ಕೋಶಭಿತ್ತಿಯಲ್ಲಿರುವುದು ಕೀಟಗಳ ಹೊರಕವಚದಲ್ಲಿರುವ ಕೈಟಿನ್. ವಂಶಾವಳಿಯಲ್ಲಿ ಅದು ಗಿಡಕ್ಕಿಂತ ಪ್ರಾಣಿಗೆ ಹತ್ತಿರದ ನೆಂಟ.

ಆದರೂ ಇವೆರಡೂ ಮಣ್ಣಿನಲ್ಲಿ ಸಂಧಿಸುತ್ತವೆ. ಒಣಗಿದ ಕಡ್ಡಿ, ಎಲೆಗಳನ್ನು ಗೆದ್ದಲು ಹುತ್ತದೊಳಗೆ ಒಯ್ದು, ಅದರ ಮೇಲೆ ಶಿಲೀಂಧ್ರವನ್ನು ಸಾಕುತ್ತದೆ. ಶಿಲೀಂಧ್ರ ಆ ಸೆಲ್ಯುಲೋಸನ್ನು ಒಡೆದು ಗೆದ್ದಲಿಗೆ ಆಹಾರವಾಗಿಸುತ್ತದೆ. ಈ ಬೇಸಾಯಕ್ಕೆ ಸುಮಾರು 3 ಕೋಟಿ ವರ್ಷ ವಯಸ್ಸು. ಶಿಲೀಂಧ್ರಕ್ಕೆ ಟರ್ಮಿಟೋಮೈಸಿಸ್ ಎಂಬ ಹೆಸರು ಬಂದದ್ದು ಮಾತ್ರ 1942ರಲ್ಲಿ, ಫ್ರಾನ್ಸಿನ ರೋಜೆ ಹೈಮ್ ಅವರಿಂದ.

ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಗೆ, ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗಕ್ಕೆ ನೀರು ತಂದವು. ನೀರು ಬಂದ ಹೊಲವನ್ನು ಸಮ ಮಾಡಬೇಕು. ಸಮ ಮಾಡುವಾಗ ಹುತ್ತ ಉಳಿಯುವುದಿಲ್ಲ. ಕಾಲುವೆ ಬೇಡವಿತ್ತು ಎಂದು ನಾನು ಹೇಳುತ್ತಿಲ್ಲ. ಎಷ್ಟು ಎಕರೆಗೆ ನೀರುಂಡಿತೆಂಬ ಲೆಕ್ಕ ಇಟ್ಟೆವು, ಎಷ್ಟು ಹುತ್ತ ಹೋದವೆಂಬ ಲೆಕ್ಕವನ್ನು ಯಾರೂ ಕೇಳಲಿಲ್ಲ.

ಯಾವ ಅಣಬೆ ತಿನ್ನಬಹುದು, ಯಾವುದು ವಿಷ ಎಂಬುದು ಬದುಕು ಕಲಿಸಿದ ವಿದ್ಯೆ. ಹೊಲವಿಲ್ಲದವರ ಒಲೆಯವರೆಗೂ ಹೋಗುವ ಆ ವಿದ್ಯೆಗೆ ಪಹಣಿಯಿಲ್ಲ. ರಾಯಚೂರಿನ ಕೃಷಿ ಚರಿತ್ರೆಯನ್ನು ಕಂದಾಯದ ಕಾಗದದಿಂದಷ್ಟೇ ಬರೆದರೆ ಹತ್ತಿಯ ಚರಿತ್ರೆ ಸಿಕ್ಕೀತು, ಊರಿನದು ಸಿಗದು. ಹೊಲ ಬಲ್ಲ ಹಿರಿಯ ಹೆಣ್ಣುಮಕ್ಕಳು ಇರುವಾಗಲೇ ಅವರ ಮುಂದೆ ಕೂತು ಕೇಳಿ ಬರೆದುಕೊಳ್ಳುವ ಕೆಲಸ ನಮ್ಮದು.