ಬೀಗ ಬಿದ್ದ ಅಂಗಡಿಗಳಲ್ಲಿ ಕಲಾವಿದರ ಬಿಡಾರ

ಪೇಟೆಯಲ್ಲಿ ಒಂದು ಅಂಗಡಿಗೆ ಬೀಗ ಬಿದ್ದರೆ ಪಕ್ಕದ ಅಂಗಡಿಯವನ ವ್ಯಾಪಾರಕ್ಕೂ ಏಟು ಬೀಳುತ್ತದೆ. ಸಾಲಾಗಿ ಹತ್ತು ಅಂಗಡಿ ಮುಚ್ಚಿದರೆ ಆ ಬೀದಿಗೆ ಜನ ಬರುವುದೇ ಕಡಿಮೆಯಾಗುತ್ತದೆ. ಹೀಗೆ ಖಾಲಿ ಬಿದ್ದ ಮಳಿಗೆಗಳನ್ನು ಕಾಯಂ ಬಾಡಿಗೆದಾರರು ಸಿಗುವವರೆಗೆ ಚಿತ್ರಕಾರರು, ಆಭರಣ ಮಾಡುವವರು, ಛಾಯಾಗ್ರಾಹಕರು ಮುಂತಾದವರಿಗೆ ಕೆಲಸದ ಜಾಗವಾಗಿ ಬಿಟ್ಟುಕೊಡುವ ಪದ್ಧತಿ ಹಲವು ದೇಶಗಳಲ್ಲಿದೆ. ಇದರಲ್ಲಿ ಹೆಚ್ಚು ಹೆಸರು ಮಾಡಿದ್ದು ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ನಗರದ ಪ್ರಯೋಗ.

ಹಾಗೆಂದು ಇದು ಅಲ್ಲಿಯೇ ಹುಟ್ಟಿದ ವಿಚಾರವಲ್ಲ. ಲಂಡನ್ನಿನಲ್ಲಿ 1972ರಲ್ಲಿ ಕೆಲವು ಕಲಾ ಪದವೀಧರರು ಸೇರಿ ಕಟ್ಟಿದ ಆಕ್ಮೆ ಎಂಬ ಸಂಸ್ಥೆ ನಗರದ ಪೂರ್ವ ಭಾಗದ ಎರಡು ಹಾಳು ಅಂಗಡಿಗಳಿಂದಲೇ ಕೆಲಸ ಆರಂಭಿಸಿತ್ತು. ಬ್ರಿಟನ್ನಿನ ಹಳೆಯ ವೂಲ್‌ವರ್ತ್ಸ್ ಕಂಪನಿ ದಿವಾಳಿಯಾಗಿ 2009ರ ಜನವರಿ ಹೊತ್ತಿಗೆ ಅದರ 800ಕ್ಕೂ ಹೆಚ್ಚು ಮಳಿಗೆಗಳು ಮುಚ್ಚಿದಾಗ ಅಲ್ಲಿಯೂ ಇಂಥ ಪ್ರಯತ್ನಗಳು ನಡೆದವು.

ಉಕ್ಕಿನ ಊರಿನ ಕಥೆ

ನ್ಯೂಕ್ಯಾಸಲ್ ಸಿಡ್ನಿಯಿಂದ ಉತ್ತರಕ್ಕೆ ಸುಮಾರು 160 ಕಿ.ಮೀ. ದೂರದ ಬಂದರು ನಗರ. ಕಲ್ಲಿದ್ದಲು ಮತ್ತು ಉಕ್ಕು ಅದರ ಬದುಕು. 1989ರ ಡಿಸೆಂಬರ್ 28ರಂದು ಅಲ್ಲಿ ಭೂಕಂಪ ಸಂಭವಿಸಿ 13 ಮಂದಿ ಸತ್ತರು, ನಗರದ ಕಟ್ಟಡಗಳಿಗೆ ಭಾರಿ ಹಾನಿಯಾಯಿತು. 1915ರಿಂದ ನಡೆದು ಬಂದಿದ್ದ ಬಿಎಚ್‌ಪಿ ಉಕ್ಕಿನ ಕಾರ್ಖಾನೆ 1999ರಲ್ಲಿ ಬಾಗಿಲು ಹಾಕಿತು. ಇದರ ಜೊತೆಗೆ ಹೊರವಲಯದ ದೊಡ್ಡ ಮಾಲ್‌ಗಳು ವ್ಯಾಪಾರವನ್ನು ಅತ್ತ ಎಳೆದುಕೊಂಡವು. ನಗರದ ಮುಖ್ಯ ಪೇಟೆಯಾದ ಹಂಟರ್ ಸ್ಟ್ರೀಟ್ ಬಿಕೋ ಎನ್ನತೊಡಗಿತು.

ಅದೇ ಊರಲ್ಲಿ ಬೆಳೆದ ಮಾರ್ಕಸ್ ವೆಸ್ಟ್‌ಬರಿ ಎಂಬುವರು 2008ರಲ್ಲಿ ಪೇಟೆಯ ಉದ್ದಕ್ಕೂ ನಡೆದು ಖಾಲಿ ಕಟ್ಟಡಗಳನ್ನು ಎಣಿಸಿದಾಗ ಲೆಕ್ಕ ಸುಮಾರು 150ಕ್ಕೆ ಬಂತು. ಕಲಾ ಉತ್ಸವಗಳನ್ನು ನಡೆಸಿ ಅನುಭವವಿದ್ದ ಅವರಿಗೆ ಇನ್ನೊಂದು ಸಂಗತಿಯೂ ಗೊತ್ತಿತ್ತು. ಅದೇ ಊರಲ್ಲಿ ಕೆಲಸ ಮಾಡಲು ಜಾಗವಿಲ್ಲದೆ ಮನೆಯ ಮೂಲೆಯಲ್ಲಿ, ಕಾರಿನ ಶೆಡ್ಡಿನಲ್ಲಿ ದಿನ ದೂಡುವ ಕಲಾವಿದರು ಬೇಕಾದಷ್ಟಿದ್ದರು. ಒಂದೆಡೆ ಖಾಲಿ ಜಾಗ, ಇನ್ನೊಂದೆಡೆ ಜಾಗಕ್ಕಾಗಿ ಪರದಾಟ. ಎರಡೂ ಒಂದೇ ಊರಲ್ಲಿದ್ದರೂ ಸೇರುತ್ತಿರಲಿಲ್ಲ.

ಬಾಡಿಗೆ ಇಳಿಸಿದರೆ ಮುಗಿಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಮಾಲೀಕರ ಲೆಕ್ಕ ಬೇರೆ. ದೊಡ್ಡ ವಾಣಿಜ್ಯ ಕಟ್ಟಡದ ಬೆಲೆಯನ್ನು ಅದರಿಂದ ಬರಬಹುದಾದ ಬಾಡಿಗೆಯ ಮೇಲೆ ಕಟ್ಟುತ್ತಾರೆ. ಕಡಿಮೆ ಬಾಡಿಗೆಗೆ ಒಪ್ಪಿ ಸಹಿ ಹಾಕಿದರೆ ಕಾಗದದ ಮೇಲೆ ಇಡೀ ಕಟ್ಟಡದ ಬೆಲೆಯೇ ಇಳಿಯುತ್ತದೆ. ಅದಕ್ಕಿಂತ ಖಾಲಿ ಇಟ್ಟು ಕಾಯುವುದೇ ಲೇಸು ಎನ್ನುವವರು ಹೆಚ್ಚು. ಮೇಲಾಗಿ ಆ ರಾಜ್ಯದ 1994ರ ಚಿಲ್ಲರೆ ಮಳಿಗೆಗಳ ಲೀಸ್ ಕಾಯ್ದೆ ಸಾಮಾನ್ಯವಾಗಿ ಕನಿಷ್ಠ 5 ವರ್ಷದ ಅವಧಿಯನ್ನು ಬಾಡಿಗೆದಾರನಿಗೆ ಖಾತ್ರಿ ಮಾಡುತ್ತಿತ್ತು (2017ರಲ್ಲಿ ಈ ನಿಯಮವನ್ನು ಕೈಬಿಡಲಾಯಿತು). ನಾಳೆ ಕೆಡವಿ ಕಟ್ಟಬೇಕೆಂದಿರುವ ಮಾಲೀಕ ಐದು ವರ್ಷಕ್ಕೆ ಕೈಕಟ್ಟಿಸಿಕೊಳ್ಳಲು ಹೇಗೆ ಒಪ್ಪಿಯಾನು?

ಬೀಗ ತೆಗೆಸಿದ ಕಾಗದ

ವೆಸ್ಟ್‌ಬರಿ ಮತ್ತು ಜೊತೆಗಾರರು 2008ರ ಕೊನೆಯಲ್ಲಿ ರಿನ್ಯೂ ನ್ಯೂಕ್ಯಾಸಲ್ ಎಂಬ ಲಾಭರಹಿತ ಸಂಸ್ಥೆ ಕಟ್ಟಿದರು. ಅವರು ಕಟ್ಟಡ ಕೊಳ್ಳಲಿಲ್ಲ, ಭಾರಿ ಅನುದಾನಕ್ಕೂ ಕಾಯಲಿಲ್ಲ. ವಕೀಲರ ಉಚಿತ ನೆರವು ಪಡೆದು ಲೀಸ್ ಬದಲು ಲೈಸೆನ್ಸ್ ಎಂಬ ಸರಳ ಒಪ್ಪಂದವನ್ನು ಬರೆಸಿದರು.

ಅದರ ಪ್ರಕಾರ ಮಾಲೀಕ ಬಾಡಿಗೆ ಇಲ್ಲದೆ ಜಾಗ ಬಳಸಲು ಸಂಸ್ಥೆಗೆ ಅನುಮತಿ ಕೊಡುತ್ತಾನೆ, ಸಂಸ್ಥೆ ಅದನ್ನು ಕಲಾವಿದನಿಗೆ ಕೊಡುತ್ತದೆ. ಅನುಮತಿ 30 ದಿನಗಳದ್ದು, ಬೇಡವೆನ್ನುವವರೆಗೆ ಮುಂದುವರಿಯುತ್ತಾ ಹೋಗುತ್ತದೆ. ನಿಜವಾದ ಬಾಡಿಗೆದಾರ ಬಂದರೆ ಕಲಾವಿದ ಜಾಗ ತೆರವು ಮಾಡಬೇಕು. ಅಪಘಾತ, ಹಾನಿಗೆ ವಿಮೆ ಸಂಸ್ಥೆಯ ಹೊಣೆ. ಕಲಾವಿದರು ಸಂಸ್ಥೆಗೆ ಅಲ್ಪ ಶುಲ್ಕ ಕೊಡುತ್ತಾರೆ. ಗೋಡೆ ಒಡೆಯುವಂತಿಲ್ಲ, ಹೆಚ್ಚು ಖರ್ಚಿನ ದುರಸ್ತಿ ಮಾಡುವಂತಿಲ್ಲ. ಎಲ್ಲವೂ ಎತ್ತಿಕೊಂಡು ಹೋಗುವಂತಿರಬೇಕು. ಬೆಲೆ ಕಟ್ಟುವ ಲೆಕ್ಕದಲ್ಲಿ ಕಟ್ಟಡ ಈಗಲೂ ಖಾಲಿಯೇ, ಆದರೆ ಬೀದಿಯಲ್ಲಿ ನಡೆಯುವವರ ಕಣ್ಣಿಗೆ ದೀಪ ಉರಿಯುತ್ತಿರುತ್ತದೆ.

2009ರ ಆರಂಭದಲ್ಲಿ ಮೊದಲ ಮಳಿಗೆಗಳು ತೆರೆದವು. ಮುಂದಿನ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಯೋಜನೆಗಳಿಗೆ ಸಂಸ್ಥೆ ಜಾಗ ಒದಗಿಸಿತು. ಲೋನ್ಲಿ ಪ್ಲಾನೆಟ್ ಎಂಬ ಪ್ರವಾಸಿ ಕೈಪಿಡಿಯ ಪ್ರಕಾಶಕರು 2011ಕ್ಕೆ ನೋಡಲೇಬೇಕಾದ ಹತ್ತು ನಗರಗಳ ಪಟ್ಟಿಯಲ್ಲಿ ಈ ಉಕ್ಕಿನ ಊರನ್ನು ಸೇರಿಸಿದರು. ಊರಿನವರಿಗೇ ಅದು ಅಚ್ಚರಿಯ ಸುದ್ದಿ.

ನಮ್ಮಲ್ಲಿ ಲೀವ್ ಅಂಡ್ ಲೈಸೆನ್ಸ್

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಓದುಗರಿಗೆ ಈ ಲೈಸೆನ್ಸ್ ಪದ ಹೊಸದಲ್ಲ. ಮಹಾರಾಷ್ಟ್ರದಲ್ಲಿ ಮನೆ, ಮಳಿಗೆ ಕೊಡುವಾಗ ಲೀವ್ ಅಂಡ್ ಲೈಸೆನ್ಸ್ ಕರಾರು ಮಾಡುವುದು ರೂಢಿ. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ 52ನೇ ಕಲಮು ಲೈಸೆನ್ಸ್ ಎಂದರೆ ಬಳಸುವ ಅನುಮತಿ ಮಾತ್ರ, ಆಸ್ತಿಯಲ್ಲಿ ಹಕ್ಕಲ್ಲ ಎನ್ನುತ್ತದೆ.

ಆದರೆ ಕಾಗದಕ್ಕೆ ಲೈಸೆನ್ಸ್ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಲೈಸೆನ್ಸ್ ಆಗುವುದಿಲ್ಲ, ಒಪ್ಪಂದದ ತಿರುಳನ್ನು ನೋಡಬೇಕು ಎಂದು ಸುಪ್ರೀಂ ಕೋರ್ಟು 1959ರ ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ ಹೇಳಿದೆ. ಮಾಲೀಕರ ಅಂಜಿಕೆಗೆ ಇನ್ನೊಂದು ಕಾರಣವೂ ಇದೆ. ಬಾಂಬೆ ಬಾಡಿಗೆ ಕಾಯ್ದೆಗೆ ತಂದ ತಿದ್ದುಪಡಿಯಿಂದ, 1973ರ ಫೆಬ್ರವರಿ 1ರಂದು ಲೈಸೆನ್ಸ್ ಮೇಲೆ ಜಾಗ ಹಿಡಿದಿದ್ದವರು ರಾತ್ರೋರಾತ್ರಿ ಬಾಡಿಗೆದಾರರ ರಕ್ಷಣೆ ಪಡೆದರು. ಆ ನೆನಪು ಹಳೆಯ ಮಾಲೀಕರಲ್ಲಿ ಇನ್ನೂ ಇದೆ. ಆದ್ದರಿಂದ ನ್ಯೂಕ್ಯಾಸಲ್ ಮಾದರಿಯನ್ನು ನಮ್ಮ ಕಡೆ ಯಾರಾದರೂ ಮಾಡಹೊರಟರೆ ಬಣ್ಣ, ಕುಂಚಕ್ಕಿಂತ ಮೊದಲು ಒಳ್ಳೆಯ ವಕೀಲರನ್ನೂ ಮಾಲೀಕನ ನಂಬಿಕೆಯನ್ನೂ ಸಂಪಾದಿಸಬೇಕಾಗುತ್ತದೆ.

30 ದಿನಗಳ ನಂತರ

ಬಾಗಿಲು ತೆರೆಸಿದ ಕಾಗದವೇ ಕಲಾವಿದರನ್ನು ಹೊರಗೂ ಕಳಿಸಿತು. ಬೀದಿಗೆ ಜನ ಬಂದಂತೆ ಬಾಡಿಗೆದಾರರು ಬಂದರು, ಕಟ್ಟಡ ಕಟ್ಟುವವರೂ ಬಂದರು. ಕೆಲವು ಕಲಾವಿದರು ಅಷ್ಟರಲ್ಲಿ ಗಿರಾಕಿಗಳನ್ನು ಸಂಪಾದಿಸಿಕೊಂಡು ಪೂರ್ತಿ ಬಾಡಿಗೆ ಕೊಟ್ಟು ಪೇಟೆಯಲ್ಲೇ ನೆಲೆನಿಂತರು. ಉಳಿದವರು ಗಂಟು ಕಟ್ಟಿದರು. ಇದನ್ನು ಮೋಸ ಎನ್ನಲಾಗದು, ಷರತ್ತು ಮೊದಲೇ ಗೊತ್ತಿತ್ತು. ಆದರೂ ಬೀದಿಗೆ ಜೀವ ತಂದವರಿಗೆ ಬೀದಿಯ ಬೆಲೆ ಏರಿದಾಗ ಪಾಲಿಲ್ಲ ಎಂಬ ಕೊರಗು ನ್ಯಾಯವಾದದ್ದೇ.

ಹಂಟರ್ ಸ್ಟ್ರೀಟಿನ ಡೇವಿಡ್ ಜೋನ್ಸ್ ಎಂಬ ದೊಡ್ಡ ಮಳಿಗೆ 2011ರಲ್ಲಿ ಮುಚ್ಚಿದಾಗ ಅದರ ನೆಲಮಹಡಿಯನ್ನು ರಿನ್ಯೂ ನ್ಯೂಕ್ಯಾಸಲ್ ಪಡೆದು ಎಂಪೋರಿಯಂ ಹೆಸರಿನಲ್ಲಿ ಸಣ್ಣ ಸಣ್ಣ ಅಂಗಡಿ, ಸ್ಟುಡಿಯೋಗಳಿಗೆ ಹಂಚಿತ್ತು. ಸಂಸ್ಥೆ 2019ರಲ್ಲಿ ತನ್ನ ಕೆಲಸ ನಿಲ್ಲಿಸಿತು. ಆ ಹಳೆಯ ಕಟ್ಟಡದಲ್ಲಿ 2022ರಲ್ಲಿ ಐಷಾರಾಮಿ ಹೋಟೆಲ್ ಒಂದು ಆರಂಭವಾಯಿತು.