ಹಳೆಯ ಜನರೇಟರ್‌ಗೆ ಬೈಕ್ ಕಾರ್ಬುರೇಟರ್ ಹಾಕಿದರೆ ಪವರ್ ಹೆಚ್ಚುತ್ತದೆಯೇ?

“ಹಳೆಯ ಜನರೇಟರ್‌ಗೆ ಬೈಕ್ ಕಾರ್ಬುರೇಟರ್ ಹಾಕಿ, ಗವರ್ನರ್ ಕಂಬಿ ಬಿಚ್ಚಿಬಿಡಿ, ಪವರ್ ಜಾಸ್ತಿಯಾಗುತ್ತದೆ” ಎಂಬ ಸಲಹೆ ನಿಮ್ಮ ಕಿವಿಗೂ ಬಿದ್ದಿರಬಹುದು. ಅದನ್ನು ಇನ್ನೊಬ್ಬರಿಗೆ ಕಳಿಸುವ ಮೊದಲು ವಿಷಯ ಏನೆಂದು ನೋಡೋಣ.

ಗವರ್ನರ್ ಏನು ಮಾಡುತ್ತದೆ?

ಬೈಕ್‌ನಲ್ಲಿ ವೇಗ ನಮ್ಮ ಕೈಯಲ್ಲಿದೆ. ಜನರೇಟರ್, ಪಂಪ್‌ಸೆಟ್‌ಗಳಲ್ಲಿ ಆ ಕೆಲಸ ಗವರ್ನರ್‌ನದು. ಒಂದು ಸ್ಪ್ರಿಂಗ್ ಥ್ರಾಟಲ್ ತೆರೆಯಲು ಎಳೆಯುತ್ತದೆ. ಎಂಜಿನ್ ಒಳಗೆ ತಿರುಗುವ ಚಿಕ್ಕ ತೂಕಗಳು, ವೇಗ ಹೆಚ್ಚಿದಂತೆ ಹೊರಕ್ಕೆ ಸರಿದು ಅದನ್ನು ಮುಚ್ಚುತ್ತವೆ. ಲೋಡ್ ಬಿದ್ದಾಗ ವೇಗ ಕುಸಿಯದಂತೆ, ಲೋಡ್ ತೆಗೆದಾಗ ಏರದಂತೆ ಕಾಯುವುದು ಈ ಎಳೆದಾಟವೇ. 1788ರಲ್ಲಿ ಜೇಮ್ಸ್ ವ್ಯಾಟ್ ಉಗಿಯಂತ್ರಕ್ಕೆ ಅಳವಡಿಸಿದ್ದೂ ಇದೇ ತತ್ವವನ್ನು.

ಗವರ್ನರ್ ತಪ್ಪಿಸಿದರೆ?

ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ ಸಾಮಾನ್ಯ ಚಿಕ್ಕ ಜನರೇಟರ್ ನಿಮಿಷಕ್ಕೆ ಸುಮಾರು 3000 ಸುತ್ತು ತಿರುಗಬೇಕು. ಅದು 4500 ಆದರೆ ವೇಗ ಒಂದೂವರೆ ಪಟ್ಟು, ಆದರೆ ತಿರುಗುವ ಭಾಗಗಳನ್ನು ಹೊರಕ್ಕೆಳೆಯುವ ಬಲ 2.25 ಪಟ್ಟು! ಕನೆಕ್ಟಿಂಗ್ ರಾಡ್ ಮುರಿಯಬಹುದು, ಫ್ಲೈವೀಲ್ ಸಿಡಿಯಬಹುದು. ವೋಲ್ಟೇಜ್ ಏರಿ ಮನೆಯ ಟಿವಿ, ಫ್ರಿಜ್ ಸುಡಬಹುದು. ಬೈಕ್ ಕಾರ್ಬುರೇಟರ್ ಕೇಬಲ್‌ನಿಂದ ನಡೆಯುವಂಥದ್ದು, ಗವರ್ನರ್ ಕಂಬಿ ಸಿಕ್ಕಿಸಲು ಅದರಲ್ಲಿ ಜಾಗವೇ ಇರುವುದಿಲ್ಲ.

ಬದಲಿಸಲೇಬೇಕಾದರೆ ಹೀಗೆ ಮಾಡಿ

• ಮೊದಲು ಸ್ವಚ್ಛಗೊಳಿಸಿ ನೋಡಿ. ಎಂಜಿನ್ “ಗುಂಯ್... ಗುಂಯ್...” ಎಂದು ಏರಿಳಿಯುತ್ತಿದ್ದರೆ ಎಲ್ಲರೂ ಗವರ್ನರ್ ಮೇಲೆ ತಪ್ಪು ಹೊರಿಸುತ್ತಾರೆ. ಎಷ್ಟೋ ಸಲ ಜೆಟ್‌ನಲ್ಲಿ ಕಸ ಕಟ್ಟಿರುತ್ತದೆ, ಅಥವಾ ಪ್ಯಾಕಿಂಗ್ ಹಾಳಾಗಿ ಗಾಳಿ ಸೋರುತ್ತಿರುತ್ತದೆ.

• ಎಂಜಿನ್ ತಣ್ಣಗಾದ ಮೇಲೆ ಪೆಟ್ರೋಲ್ ಕಾಕ್ ಮುಚ್ಚಿ, ಸ್ಪಾರ್ಕ್ ಪ್ಲಗ್ ವೈರ್ ತೆಗೆಯಿರಿ. ಸ್ಪ್ರಿಂಗ್, ಕಂಬಿ ಯಾವ ಯಾವ ತೂತಿನಲ್ಲಿವೆ ಎಂದು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ತೂತು ಬದಲಾದರೆ ವೇಗವೂ ಬದಲಾಗುತ್ತದೆ.

• ಅದೇ ಮಾದರಿಯ ಕಾರ್ಬುರೇಟರ್, ಹೊಸ ಪ್ಯಾಕಿಂಗ್ ಹಾಕಿ. ಸೀಮೆಎಣ್ಣೆ ಎಂಜಿನ್‌ನ ಜೆಟ್ ಬೇರೆ, ಪೆಟ್ರೋಲ್ ಎಂಜಿನ್‌ನದು ಬೇರೆ.

• ಜೋಡಿಸಿದ ಮೇಲೆ ಥ್ರಾಟಲ್ ತಡೆಯಿಲ್ಲದೆ ಆಡುತ್ತದೆಯೇ ನೋಡಿ. ಎಂಜಿನ್ ನಿಂತಿರುವಾಗ ಸ್ಪ್ರಿಂಗ್ ಅದನ್ನು ತೆರೆದೇ ಹಿಡಿದಿದ್ದರೆ ಗಾಬರಿ ಬೇಡ, ಇಂಥ ಎಂಜಿನ್‌ಗಳಲ್ಲಿ ಅದು ಸಹಜ.

• ಲೋಡ್ ಇಲ್ಲದೆ, ಬಯಲಿನಲ್ಲಿ ಚಾಲೂ ಮಾಡಿ. ಮುಚ್ಚಿದ ಕೋಣೆಯಲ್ಲಿ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ. ವೇಗ ಏರುತ್ತಲೇ ಹೋದರೆ ತಕ್ಷಣ ಸ್ವಿಚ್ ಆಫ್ ಮಾಡಿ. ಮೀಟರ್‌ನಲ್ಲಿ ಹರ್ಟ್ಸ್, ವೋಲ್ಟೇಜ್ ಸರಿಯಿದ್ದರೆ ಮಾತ್ರ ಮನೆಯ ಲೋಡ್ ಕೊಡಿ.

ಒಟ್ಟಿನಲ್ಲಿ, ಕಾರ್ಬುರೇಟರ್ ಬದಲಿಸುವುದು ತಪ್ಪಲ್ಲ, ಗವರ್ನರ್ ತಪ್ಪಿಸುವುದು ತಪ್ಪು. ಆ ಸಲಹೆ ಮತ್ತೆ ಬಂದರೆ ಕಳಿಸಿದವರಿಗೆ ಇದನ್ನೂ ತಿಳಿಸಿ.