ಯೋರ್ಗ್ ಹೈಡರ್: ವಿಯೆನ್ನಾದ ಗದ್ದುಗೆ ಏರದೆ ಯುರೋಪನ್ನು ಕಲಕಿದ ನಾಯಕ

ಆಸ್ಟ್ರಿಯಾದ ವಿವಾದಾತ್ಮಕ ಬಲಪಂಥೀಯ ರಾಜಕಾರಣಿ ಯೋರ್ಗ್ ಹೈಡರ್ ಜನಿಸಿದ್ದು 1950ರ ಜನವರಿ 26ರಂದು, ಬಾಡ್ ಗೊಯ್ಸರ್ನ್ ಎಂಬಲ್ಲಿ. ತಂದೆ-ತಾಯಿ ಇಬ್ಬರೂ ನಾಜಿ ಪಕ್ಷದ ಸದಸ್ಯರಾಗಿದ್ದವರು. ಕಾನೂನು ಪದವೀಧರರಾದ ಹೈಡರ್ 1986ರಲ್ಲಿ ಫ್ರೀಡಂ ಪಕ್ಷದ ಅಧ್ಯಕ್ಷರಾದರು. ಆ ವರ್ಷ ಶೇ 9.7 ಮತ ಗಳಿಸಿದ ಪಕ್ಷ 1999ರಲ್ಲಿ ಶೇ 26.9ಕ್ಕೇರಿ, ಕೇವಲ 415 ಮತಗಳ ಅಂತರದಿಂದ ಪೀಪಲ್ಸ್ ಪಕ್ಷವನ್ನು ಹಿಂದಿಕ್ಕಿ ಎರಡನೇ ಸ್ಥಾನ ಪಡೆಯಿತು. ವಲಸಿಗರ ವಿರೋಧವೊಂದೇ ಇದಕ್ಕೆ ಕಾರಣವಲ್ಲ. ಎರಡು ಹಳೆಯ ಪಕ್ಷಗಳು ದಶಕಗಳಿಂದ ಸರ್ಕಾರಿ ಹುದ್ದೆಗಳನ್ನು ತಮ್ಮೊಳಗೇ ಹಂಚಿಕೊಳ್ಳುತ್ತಿದ್ದ ಪದ್ಧತಿಯ ಬಗೆಗಿನ ಜನರ ಅಸಮಾಧಾನವನ್ನು ಅವರು ಮತವಾಗಿ ಪರಿವರ್ತಿಸಿದರು.

1989ರಲ್ಲಿ ಅವರು ದಕ್ಷಿಣದ ಕರಿಂಥಿಯಾ ಪ್ರಾಂತ್ಯದ ಗವರ್ನರ್ ಆದರು. ಹೆಸರು ಗವರ್ನರ್ ಎಂದಿದ್ದರೂ ಈ ಹುದ್ದೆ ನಮ್ಮ ಮುಖ್ಯಮಂತ್ರಿ ಸ್ಥಾನಕ್ಕೆ ಸಮೀಪವಾದುದು. ಹಿಟ್ಲರ್ ಆಡಳಿತದ ಉದ್ಯೋಗ ನೀತಿಯನ್ನು ಸದನದಲ್ಲೇ ಹೊಗಳಿದ್ದರಿಂದ 1991ರಲ್ಲಿ ಪದಚ್ಯುತರಾದರು. ಅದೇ ಪ್ರಾಂತ್ಯ 1999ರಲ್ಲಿ ಅವರನ್ನು ಮತ್ತೆ ಆರಿಸಿತು. ಸಾಯುವವರೆಗೂ ಅವರು ಅಲ್ಲಿಯೇ ಅಧಿಕಾರದಲ್ಲಿದ್ದರು.

2000ದ ಫೆಬ್ರುವರಿಯಲ್ಲಿ ಪೀಪಲ್ಸ್ ಪಕ್ಷದ ವೋಲ್ಫ್‌ಗಾಂಗ್ ಶ್ಯೂಸೆಲ್ ಅವರು ಹೈಡರ್ ಪಕ್ಷದೊಂದಿಗೆ ಸೇರಿ ಸರ್ಕಾರ ರಚಿಸಿದರು. ಪ್ರತಿಭಟನಕಾರರನ್ನು ತಪ್ಪಿಸಲು ಸಚಿವರು ನೆಲದಡಿಯ ಮಾರ್ಗದಲ್ಲಿ ಸಾಗಿ ಪ್ರಮಾಣವಚನಕ್ಕೆ ಹಾಜರಾಗಬೇಕಾಯಿತು. ಐರೋಪ್ಯ ಒಕ್ಕೂಟದ ಉಳಿದ 14 ರಾಷ್ಟ್ರಗಳು ಆಸ್ಟ್ರಿಯಾದೊಂದಿಗಿನ ರಾಜತಾಂತ್ರಿಕ ಸಂಬಂಧವನ್ನು ತಗ್ಗಿಸಿದವು. ಸೆಪ್ಟೆಂಬರ್ ವೇಳೆಗೆ ಆ ಕ್ರಮವನ್ನು ಹಿಂತೆಗೆದುಕೊಂಡವು. ಸಚಿವ ಸಂಪುಟದಿಂದ ಹೊರಗುಳಿದ ಹೈಡರ್ ಪಕ್ಷದ ಅಧ್ಯಕ್ಷ ಸ್ಥಾನವನ್ನೂ ತೊರೆದರು. ಒಳಜಗಳದಿಂದ ಕುಗ್ಗಿದ ಪಕ್ಷ 2002ರಲ್ಲಿ ಶೇ 10ಕ್ಕೆ ಕುಸಿಯಿತು. 2005ರಲ್ಲಿ ಅವರು ಹೊಸ ಪಕ್ಷ ಕಟ್ಟಿದರು.

ಕರಿಂಥಿಯಾದ ಸ್ಲೊವೇನ್ ಭಾಷಿಕರ ಪಾಲಿಗೆ ಹೈಡರ್ ಆಡಳಿತ ಕಹಿಯಾದುದು. ಊರುಗಳ ನಾಮಫಲಕಗಳು ಎರಡೂ ಭಾಷೆಗಳಲ್ಲಿರಬೇಕೆಂಬ ಸಂವಿಧಾನ ನ್ಯಾಯಾಲಯದ 2001ರ ತೀರ್ಪನ್ನು ಅವರು ಜಾರಿಗೆ ತರಲಿಲ್ಲ. ಬದಲಿಗೆ 2006ರಲ್ಲಿ ಜರ್ಮನ್ ಫಲಕಗಳನ್ನೇ ಕೆಲವು ಮೀಟರ್ ಪಕ್ಕಕ್ಕೆ ಸರಿಸಿ ನೆಡಿಸಿದರು! 164 ಊರುಗಳಿಗೆ ದ್ವಿಭಾಷಾ ಫಲಕ ಒಪ್ಪಿತವಾಗಿದ್ದು 2011ರಲ್ಲಿ, ಅವರ ಮರಣಾನಂತರ.

2008ರ ಅಕ್ಟೋಬರ್ 11ರ ನಸುಕಿನಲ್ಲಿ ಕ್ಲಾಗೆನ್‌ಫುರ್ಟ್ ಬಳಿ, 70 ಕಿ.ಮೀ. ಮಿತಿಯ ರಸ್ತೆಯಲ್ಲಿ 142 ಕಿ.ಮೀ. ವೇಗದಲ್ಲಿ ಕಾರು ಓಡಿಸುತ್ತಿದ್ದ ಹೈಡರ್ ಅಪಘಾತದಲ್ಲಿ ಮೃತಪಟ್ಟರು. ಅವರು ಮದ್ಯ ಸೇವಿಸಿದ್ದುದು ತನಿಖೆಯಿಂದ ದೃಢಪಟ್ಟಿತು. ಹೈಪೊ ಆಲ್ಪೆ ಆಡ್ರಿಯಾ ಬ್ಯಾಂಕಿನ ಸಾಲಗಳಿಗೆ ಅವರ ಪ್ರಾಂತೀಯ ಸರ್ಕಾರ ನೀಡಿದ್ದ ಖಾತರಿ, ಪ್ರಾಂತ್ಯದ ವಾರ್ಷಿಕ ಬಜೆಟ್ಟಿನ ಹಲವು ಪಟ್ಟು ಇತ್ತು. ಮುಳುಗುತ್ತಿದ್ದ ಆ ಬ್ಯಾಂಕನ್ನು ಆಸ್ಟ್ರಿಯಾ 2009ರಲ್ಲಿ ರಾಷ್ಟ್ರೀಕರಣಗೊಳಿಸಿತು. ಸಾಲಿಗರೊಂದಿಗೆ ಕರಿಂಥಿಯಾದ ಲೆಕ್ಕ ಇತ್ಯರ್ಥವಾಗಲು 2016 ಬರಬೇಕಾಯಿತು.

ಹೈಡರ್ ತೊರೆದಿದ್ದ ಫ್ರೀಡಂ ಪಕ್ಷ 2024ರ ಚುನಾವಣೆಯಲ್ಲಿ ಶೇ 28.8 ಮತಗಳೊಂದಿಗೆ ಮೊದಲ ಬಾರಿಗೆ ಅಗ್ರಸ್ಥಾನಕ್ಕೇರಿತು. ಆಗ ಅದರ ನೇತೃತ್ವ ವಹಿಸಿದ್ದವರು, ಒಂದು ಕಾಲದಲ್ಲಿ ಹೈಡರ್‌ಗೆ ಭಾಷಣ ಬರೆದುಕೊಡುತ್ತಿದ್ದ ಹರ್ಬರ್ಟ್ ಕಿಕ್ಲ್.